ದುಬಾರಿ ಮರ ಎಲ್ಲಿಗೆ ಬೇಕು, ಎಲ್ಲಿಗೆ ಬೇಡ: ತಂತಿವಾದ್ಯ ಮಾಡುವವರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸರ್, ಮೇಜು ಕುರ್ಚಿ ಮಾಡಿ ಕೈ ಪಳಗಿದೆ. ಈಗ ಮೊದಲ ಗಿಟಾರ್ ಮಾಡಲು ಹೊರಟಿದ್ದೇನೆ. ಹಿಂಬದಿಗೂ ಪಕ್ಕಕ್ಕೂ ಕೊಕೊಬೋಲೊ ಎಂಬ ಬೀಟೆ ಜಾತಿಯ ಮರ ಹಾಕಿದರೆ ಮಾತ್ರ ಒಳ್ಳೆ ನಾದ ಬರುತ್ತದೆ ಎಂದು ಹೇಳಿದರು. ಬೆಲೆ ಕೇಳಿ ಗಾಬರಿಯಾಯಿತು. ಹಾಕಲೇಬೇಕಾ?

ಉತ್ತರ: ಬೇಡ. ಮೊದಲ ವಾದ್ಯಕ್ಕಂತೂ ಖಂಡಿತ ಬೇಡ. ಗಿಟಾರಿನ ದನಿ ಮುಖ್ಯವಾಗಿ ಹುಟ್ಟುವುದು ಮೇಲ್ಹಲಗೆಯಲ್ಲಿ. ತಂತಿ ಮೀಟಿದರೆ ಕುದುರೆ, ಅಂದರೆ ಮೇಲ್ಹಲಗೆಯ ಮೇಲೆ ತಂತಿಗಳನ್ನು ಹೊರುವ ಮರದ ತುಂಡು, ಅಲುಗುತ್ತದೆ, ಕುದುರೆ ಆ ಹಲಗೆಯನ್ನು ಅಲುಗಿಸುತ್ತದೆ, ಹಲಗೆ ಗಾಳಿಯನ್ನು ತಳ್ಳುತ್ತದೆ. ಅದಕ್ಕೇ ಅಲ್ಲಿ ಸ್ಪ್ರೂಸ್ ಅಥವಾ ಸೀಡರ್ ಥರದ ಹಗುರ ಮರ ಹಾಕುತ್ತಾರೆ. ಸ್ಪ್ರೂಸ್ ಘನ ಮೀಟರಿಗೆ ಸುಮಾರು 400 ಕಿಲೋ ತೂಗಿದರೆ ಕೊಕೊಬೋಲೊ ಸಾವಿರ ಕಿಲೋ ಆಸುಪಾಸು. ಅಷ್ಟು ಭಾರದ ಹಲಗೆಯನ್ನು ಸಣ್ಣ ತಂತಿ ಅಲುಗಿಸಲು ಆಗುತ್ತದಾ?

ಇದನ್ನು ತೋರಿಸಲೆಂದೇ ಸ್ಪೇನಿನ ಆಂಟೋನಿಯೋ ದೆ ಟೊರೆಸ್ 1862ರಲ್ಲಿ ಒಂದು ಗಿಟಾರ್ ಮಾಡಿದರು. ಮೇಲೆ ಸ್ಪ್ರೂಸ್, ಹಿಂಬದಿ ಮತ್ತು ಪಕ್ಕ ಎರಡೂ ಕಾಗದದ ರಟ್ಟು. ಅದು ಈಗ ಬಾರ್ಸಿಲೋನಾದ ಸಂಗೀತ ಸಂಗ್ರಹಾಲಯದಲ್ಲಿದೆ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಪ್ರಯೋಗವೂ ಇಲ್ಲಿಗೇ ಬರುತ್ತದೆ. ಹಿಂಬದಿ ಮತ್ತು ಪಕ್ಕದ ಮರ ಮಾತ್ರ ಬೇರೆಬೇರೆ ಇರುವ 6 ಗಿಟಾರುಗಳನ್ನು 52 ವಾದಕರಿಗೆ ಕೊಟ್ಟರು. ಮರ ಕಾಣಬಾರದೆಂದು ಮಂದ ಬೆಳಕಿನಲ್ಲಿ, ಕಣ್ಣಿಗೆ ವೆಲ್ಡಿಂಗ್ ಕನ್ನಡಕ ಹಾಕಿಸಿ ನುಡಿಸಲು ಹೇಳಿದರು. ದುಬಾರಿ ಬ್ರೆಜಿಲ್ ಬೀಟೆಗೂ ಅಗ್ಗದ ಮರಗಳಿಗೂ ಅವರು ಕೊಟ್ಟ ಅಂಕಗಳಲ್ಲಿ ಹೆಚ್ಚು ಕಡಿಮೆ ವ್ಯತ್ಯಾಸವೇ ಇರಲಿಲ್ಲ.

ಹಾಗಂತ ಗಟ್ಟಿ ಮರ ಸುಮ್ನೆ ಶೋಕಿಗೆ ಎಂದು ಅಂದುಕೊಳ್ಳಬೇಡಿ. ಬೆರಳು, ತಂತಿ ದಿನವೂ ಉಜ್ಜುವ ಫಿಂಗರ್‌ಬೋರ್ಡಿಗೆ, ಕುದುರೆಗೆ, ಪಿಟೀಲಿನಂಥ ವಾದ್ಯಗಳ ಬಿರಡೆಗಳಿಗೆ ಅದು ಬೇಕೇ ಬೇಕು. ಉಕ್ಕಿನ ತಂತಿಯ ಗಿಟಾರಿನಲ್ಲಿ ಆರೂ ತಂತಿ ಸೇರಿ ಎಳೆಯುವ ಬಲ ಸುಮಾರು 70 ಕಿಲೋ. ಮೆದು ಮರದ ಕುದುರೆಯಾದರೆ ತಂತಿಯ ತೂತುಗಳು ಬೇಗ ಸವೆದು ಅಗಲವಾಗುತ್ತವೆ.

ಹಾಗಾಗಿ ಹಿಂಬದಿಗೆ ಚೆನ್ನಾಗಿ ಒಣಗಿದ ಮಹಾಗನಿಯೋ ವಾಲ್‌ನಟ್ಟೋ ಸಾಕು. ಉಳಿದ ಹಣಕ್ಕೆ ಒಳ್ಳೆಯ ಮೇಲ್ಹಲಗೆ ತನ್ನಿ, ಸಮಯವನ್ನೂ ಅದಕ್ಕೇ ಕೊಡಿ. ತೆಳುಮಾಡುವಾಗ ಆಗಾಗ ನಿಲ್ಲಿಸಿ, ಹಲಗೆಯ ಉದ್ದದಲ್ಲಿ ತುದಿಯಿಂದ ಕಾಲು ಭಾಗ ಬಿಟ್ಟು ಅಂಚಿನ ಹತ್ತಿರ ಎರಡೇ ಬೆರಳಲ್ಲಿ ಹಿಡಿದು ತೂಗುಬಿಡಿ, ಮಧ್ಯದಲ್ಲಿ ಇನ್ನೊಂದು ಕೈಯ ಬೆರಳಗಂಟಿನಿಂದ ತಟ್ಟಿ. ದಪ್ಪ ಇರುವಾಗ ಸ್ವರ ಮೇಲಿರುತ್ತದೆ, ಹತ್ತರಿ ಹೊಡೆದಂತೆಲ್ಲ ಇಳಿಯುತ್ತದೆ. ಜೊತೆಗೆ ಎರಡೂ ಕೈಯಲ್ಲಿ ಹಿಡಿದು ಎಳೆಗೆ ಅಡ್ಡಲಾಗಿ ಸ್ವಲ್ಪ ಬಾಗಿಸಿ ನೋಡಿ. ಸಾಮಾನ್ಯವಾಗಿ 3 ಮಿಲಿಮೀಟರಿನ ಹತ್ತಿರ ಬಂದಾಗ ಅದು ಕೈಗೆ ಬಗ್ಗಲು ಶುರುವಾಗುತ್ತದೆ. ಅಲ್ಲಿಂದ ಮುಂದೆ ಒಂದೊಂದೇ ತೆಳು ಸಿಪ್ಪೆ ತೆಗೆಯಿರಿ. ಅಳತೆಪಟ್ಟಿಗಿಂತ ಕೈಯನ್ನೇ ಜಾಸ್ತಿ ನಂಬಿ, ಯಾಕೆಂದರೆ ಒಂದೇ ಮರದಿಂದ ಬಂದ ಎರಡು ಹಲಗೆಗಳೂ ಒಂದೇ ಥರ ಇರುವುದಿಲ್ಲ.

ಪ್ರಶ್ನೆ: ಪಕ್ಕದ ಪಟ್ಟಿ ಬಾಗಿಸುವಾಗ ಸೊಂಟದ ತಿರುವಿನಲ್ಲಿ ಪ್ರತಿ ಸಲ ಸೀಳುತ್ತದೆ. ರಾತ್ರಿಯೆಲ್ಲ ನೀರಲ್ಲಿ ನೆನೆಸಿಟ್ಟರೂ ಅಷ್ಟೇ. ಏನು ಮಾಡಲಿ?

ಉತ್ತರ: ನೆನೆಸುವುದು ಬಿಡಿ. ಮರ ಬಾಗುವುದು ನೀರಿನಿಂದಲ್ಲ, ಬಿಸಿಯಿಂದ. ಎಳೆಗಳನ್ನು ಅಂಟಿನ ಹಾಗೆ ಹಿಡಿದಿಡುವ ಲಿಗ್ನಿನ್ ಬಿಸಿಗೆ ಮೆತ್ತಗಾಗುತ್ತದೆ, ಆರಿದಾಗ ಮತ್ತೆ ಗಟ್ಟಿಯಾಗುತ್ತದೆ. ಒಳಗೆ ಆವಿ ಹುಟ್ಟಿಸಲು, ಮೇಲ್ಮೈ ಸುಡದ ಹಾಗೆ ನೋಡಿಕೊಳ್ಳಲು ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಸಾಕು.

ಮೊದಲು ದಪ್ಪ ನೋಡಿ. 2 ಮಿಲಿಮೀಟರಿಗಿಂತ ಜಾಸ್ತಿ ಇದ್ದರೆ ಇಳಿಸಿ. ಆಮೇಲೆ ಎಳೆ ನೋಡಿ. ಅದು ಪಟ್ಟಿಯ ಉದ್ದಕ್ಕೆ ನೇರ ಹೋಗದೆ ಓರೆಯಾಗಿ ಮೇಲ್ಮೈಗೆ ಹೊರಬಂದಿದ್ದರೆ ಅಲ್ಲೇ ಸೀಳುವುದು. ಆಫ್ರಿಕಾದ ವೆಂಗೆ ಮರ ಸಿಬಿರೇಳುವುದರಲ್ಲಿ ಹೆಸರುವಾಸಿ, ಅಲೆ ಅಲೆಯಾದ ಚಿತ್ತಾರ ಇರುವ ಯಾವ ಮರವೂ ಆ ಅಲೆಯ ಜಾಗದಲ್ಲೇ ಮುರಿಯಲು ನೋಡುತ್ತದೆ. ಬೀಟೆ ಜಾತಿಗಳು ಒಳಗಿನ ರಾಳದ ದೆಸೆಯಿಂದ ಸ್ವಲ್ಪ ಸಲೀಸು.

ಪಟ್ಟಿಯನ್ನು ಒತ್ತಿ ಬಾಗಿಸುವ ಲೋಹದ ಕೊಳವೆ ಎಷ್ಟು ಬಿಸಿ ಇರಬೇಕೆಂದರೆ, ನೀರು ಚಿಮುಕಿಸಿದರೆ ಹನಿಗಳು ಉರುಳಿ ಓಡಬೇಕು. ಪಟ್ಟಿಯ ಕೊಳವೆಗೆ ತಾಗದ ಮುಖಕ್ಕೆ ತೆಳು ಸ್ಟೀಲ್ ತಗಡು ಇಟ್ಟು, ತಗಡು ಮತ್ತು ಪಟ್ಟಿ ಎರಡನ್ನೂ ಸೇರಿಸಿ ಹಿಡಿಯಿರಿ. ಈಗ ತಳ್ಳಬೇಡಿ. ತೂಕವನ್ನಷ್ಟೇ ಅದರ ಮೇಲೆ ಬಿಟ್ಟು, ನಿಧಾನಕ್ಕೆ ಹಿಂದೆ ಮುಂದೆ ಆಡಿಸುತ್ತಿರಿ. ಮೊದಲು ಪಟ್ಟಿ ಕೈಗೆ ಎದುರು ನಿಲ್ಲುತ್ತದೆ, ಆವಿ ಏಳುತ್ತದೆ, ಬೀಟೆಯಾದರೆ ಸಿಹಿ ಪರಿಮಳವೂ ಬರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಆ ಬಿಗಿ ತಟ್ಟನೆ ಸಡಿಲವಾಗುತ್ತದೆ. ಅದು ಕೈಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಬಾಗಿಸಬೇಕಾದ್ದು ಆಗ ಮಾತ್ರ, ಅದಕ್ಕೆ ಮುಂಚೆ ಅಲ್ಲ. ಸೊಂಟದ ತಿರುವನ್ನೇ ಮೊದಲು ಮುಗಿಸಿ, ಕಷ್ಟದ ಜಾಗ ಅದೇ. ಬಾಗಿದ ಪಟ್ಟಿಯನ್ನು ಪೂರ್ತಿ ಆರುವ ತನಕ ಅಚ್ಚಿನಲ್ಲಿ ಬಿಗಿದಿಡಿ, ಇಲ್ಲವಾದರೆ ಒಂದಿಷ್ಟು ಮತ್ತೆ ಬಿಚ್ಚಿಕೊಳ್ಳುತ್ತದೆ.

ಪ್ರಶ್ನೆ: ಬೀಟೆಯ ಕುದುರೆ ಅಂಟಿಸಿದ್ದೆ. ತಂತಿ ಬಿಗಿದ ಕೆಲವೇ ದಿನಕ್ಕೆ ಎದ್ದು ಬಂತು. ಅಂಟು ಹಳೆಯದಾ?

ಉತ್ತರ: ಅಂಟಿಗಿಂತ ಎಣ್ಣೆಯ ಮೇಲೆ ನನಗೆ ಅನುಮಾನ. ಬೀಟೆ, ಕೊಕೊಬೋಲೊ ಮರಗಳಲ್ಲಿ ಎಣ್ಣೆಯಂಥ ಪಸೆ ಇರುತ್ತದೆ. ಅದು ಮೇಲ್ಮೈಗೆ ಬಂದು ಕೂತರೆ ಅಂಟು ಮರಕ್ಕೆ ಹಿಡಿಯುವುದಿಲ್ಲ. ಅಂಟಿಸುವ ಸ್ವಲ್ಪ ಮುಂಚೆ ಮೇಲ್ಮೈಯನ್ನು ಕೀಸಿ ಹೊಸದು ಮಾಡಿ, ಅಸಿಟೋನ್ ಹಚ್ಚಿದ ಬಟ್ಟೆಯಿಂದ ಒರೆಸಿ, ಆರಿದ ಕೂಡಲೇ ಅಂಟಿಸಿ. ಹಿಂದಿನ ದಿನ ಕೀಸಿಟ್ಟದ್ದು ನಡೆಯುವುದಿಲ್ಲ. ಇನ್ನೊಂದು ಮುಖ್ಯ ವಿಷಯ, ಕುದುರೆಯ ಕೆಳಗೆ ಮೇಲ್ಹಲಗೆಗೆ ವಾರ್ನಿಷ್ ಇರಬಾರದು, ಮರಕ್ಕೆ ಮರವೇ ತಾಗಬೇಕು.

ಪ್ರಶ್ನೆ: ಕೊಕೊಬೋಲೊ ಸ್ಯಾಂಡ್‌ಪೇಪರ್ ಹಾಕಿದ ಮೇಲೆ ಮುಂಗೈ ತುಂಬ ಕೆಂಪು ಗುಳ್ಳೆ, ತುರಿಕೆ. ಅಭ್ಯಾಸವಾದರೆ ಹೋಗುತ್ತದೆ ಎನ್ನುತ್ತಾರೆ, ನಿಜವಾ?

ಉತ್ತರ: ಸುಳ್ಳು, ದಯವಿಟ್ಟು ಆ ಮಾತು ನಂಬಬೇಡಿ. ಇದು ಅಲರ್ಜಿ. ಧೂಳು ತಾಗಿದಷ್ಟೂ ಜಾಸ್ತಿಯಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಒಮ್ಮೆ ಮೈ ತಿರುಗಿಬಿದ್ದರೆ ಬೇರೆ ಬೀಟೆ ಜಾತಿಗಳೂ ಆಗಿಬರದೆ ಹೋಗಬಹುದು. ಆ ಮರವನ್ನು ಈಗಲೇ ಪಕ್ಕಕ್ಕಿಡಿ, ಚರ್ಮದ ವೈದ್ಯರಿಗೆ ತೋರಿಸಿ. ಉಸಿರಾಟಕ್ಕೆ ತೊಂದರೆಯಾದರೆ ಸ್ವಲ್ಪವೂ ತಡಮಾಡಬೇಡಿ. ಇನ್ನೂ ಏನೂ ಆಗಿಲ್ಲದವರಿಗೂ ಹೇಳುತ್ತೇನೆ: ಮುಖಕ್ಕೆ ಸರಿಯಾಗಿ ಕೂರುವ ಧೂಳಿನ ಮಾಸ್ಕ್ ಹಾಕಿ, ತುಂಬುತೋಳಿನ ಅಂಗಿ ತೊಡಿ, ಧೂಳು ಎಳೆಯುವ ಯಂತ್ರ ಇಟ್ಟುಕೊಳ್ಳಿ. ಆದಷ್ಟು ಸ್ಕ್ರೇಪರಿನಲ್ಲೇ ನಯಮಾಡಿ, ಅದರಿಂದ ಧೂಳಿಗಿಂತ ಸುರುಳಿ ಸಿಪ್ಪೆಯೇ ಜಾಸ್ತಿ ಬರುತ್ತದೆ.

ಪ್ರಶ್ನೆ: ಬೀಟೆಯ ವಾದ್ಯವನ್ನು ಹೊರದೇಶಕ್ಕೆ ಒಯ್ಯಬಹುದಾ?

ಉತ್ತರ: ಯಾವ ಬೀಟೆ ಅನ್ನುವುದು ಮುಖ್ಯ. ಅಳಿವಿನ ಭಯವಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಹಿಡಿತದಲ್ಲಿಡುವ ಸೈಟಿಸ್ ಒಪ್ಪಂದದಲ್ಲಿ ಬ್ರೆಜಿಲ್ ಬೀಟೆ 1992ರಿಂದ ಅತಿ ಕಟ್ಟುನಿಟ್ಟಿನ ಒಂದನೇ ಪಟ್ಟಿಯಲ್ಲಿದೆ, ಅದರಿಂದ ಮಾಡಿದ ವಾದ್ಯಕ್ಕೂ ಕಾಗದಪತ್ರ ಬೇಕು. ಬೀಟೆಗಳ ಸಸ್ಯಕುಲವಾದ ಡಾಲ್ಬರ್ಜಿಯಾದ ಉಳಿದ ಜಾತಿಗಳೆಲ್ಲ 2017ರ ಹೊತ್ತಿಗೆ ಎರಡನೇ ಪಟ್ಟಿಗೆ ಸೇರಿದವು. ವಾದ್ಯಗಾರರಿಗೆ ಇದರಿಂದ ತುಂಬಾ ತೊಂದರೆಯಾಗಿ, 2019ರ ನವೆಂಬರಿನಿಂದ ಈ ಎರಡನೇ ಪಟ್ಟಿಯ ಮರಗಳ ಪೂರ್ತಿ ತಯಾರಾದ ವಾದ್ಯ ಮತ್ತು ಬಿಡಿಭಾಗಗಳಿಗೆ ವಿನಾಯಿತಿ ಸಿಕ್ಕಿತು. ಇನ್ನೂ ವಾದ್ಯವಾಗದ ಬರೀ ಹಲಗೆಗೆ ಆ ವಿನಾಯಿತಿ ಇಲ್ಲ. ಕೊಕೊಬೋಲೊ, ಆಫ್ರಿಕನ್ ಬ್ಲ್ಯಾಕ್‌ವುಡ್ ಎರಡೂ ಡಾಲ್ಬರ್ಜಿಯಾಗಳೇ, ಹಾಗಾಗಿ ವ್ಯಾಪಾರದ ಹೆಸರು ನೋಡಿ ಮೋಸಹೋಗಬೇಡಿ. ಮರ ಕೊಳ್ಳುವಾಗ ರಸೀದಿಯಲ್ಲಿ ಸಸ್ಯಶಾಸ್ತ್ರದ ಹೆಸರು ಬರೆಸಿಕೊಳ್ಳಿ. ದೇಶದೇಶಗಳ ಸ್ವಂತ ನಿಯಮವೂ ಇರುತ್ತದೆ, ಹೊರಡುವ ಮುಂಚೆ ವಿಚಾರಿಸಿ.

ಪ್ರಶ್ನೆ: ಫಿಂಗರ್‌ಬೋರ್ಡಿಗೆ ಎಬೊನಿ ಎಂಬ ಗಟ್ಟಿ ಕಪ್ಪು ಮರ ತರಿಸಿದೆ, ಅದರಲ್ಲಿ ಕಂದು ಗೆರೆಗಳಿವೆ. ವಾಪಸ್ ಕಳಿಸಲಾ?

ಉತ್ತರ: ಕಳಿಸಬೇಡಿ. ಗೆರೆ ಇದ್ದರೂ ಎಬೊನಿ ಎಬೊನಿಯೇ, ಕೆಲಸಕ್ಕೆ ಏನೂ ಕಡಿಮೆ ಇಲ್ಲ. ಕ್ಯಾಮರೂನಿನ ಎಬೊನಿ ಕಾರ್ಖಾನೆಯೊಂದನ್ನು 2011ರಲ್ಲಿ ಟೇಲರ್ ಗಿಟಾರ್ ಕಂಪನಿ ಪಾಲುದಾರರ ಜೊತೆ ಸೇರಿ ಕೊಂಡಾಗ ಅವರಿಗೆ ಗೊತ್ತಾದ ಸಂಗತಿ ಕೇಳಿ: ಕಡಿದ ಹತ್ತು ಮರಗಳಲ್ಲಿ ಪೂರ್ತಿ ಕಪ್ಪಿರುವುದು ಒಂದೇ, ಗೆರೆ ಇರುವ ಉಳಿದವನ್ನು ಕಾಡಿನಲ್ಲೇ ಬಿಟ್ಟು ಬರುತ್ತಿದ್ದರು. ಆಮೇಲೆ ಅವರು ಗೆರೆಯ ಎಬೊನಿಯನ್ನೂ ತಮ್ಮ ಗಿಟಾರುಗಳಿಗೆ ಹಾಕತೊಡಗಿದರು. ಅಷ್ಟು ನಿಧಾನ ಬೆಳೆಯುವ ಮರವನ್ನು ಬಣ್ಣಕ್ಕಾಗಿ ಎಸೆಯುವುದು ನನಗಂತೂ ಸಹಿಸಲಾಗದ ಮಾತು. ನೀವು ನೋಡಬೇಕಾದ್ದು ಬೇರೆ: ತುದಿಗಳಲ್ಲಿ ಕೂದಲೆಳೆಯ ಬಿರುಕು ಇದೆಯಾ, ಹಲಗೆ ತಿರುಚಿದೆಯಾ, ಸರಿಯಾಗಿ ಒಣಗಿದೆಯಾ. ವಾರಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತ ಮೇಲೆ ಸ್ವರದ ಮೆಟ್ಟಿಲುಗಳನ್ನು (ಫ್ರೆಟ್) ಕೂರಿಸುವ ಸೀಳುಗಳನ್ನು ಕೊರೆಯಲು ಶುರುಮಾಡಿ.