ಎರಡು ತಿಂಗಳಲ್ಲಿ ಗದ್ದೆಗೆ ಇಳಿಯುವ ಪ್ರಶ್ನೆಗೆ

ಸಿಂಧನೂರಿನ ಅಣ್ಣನವರಿಗೆ ನಮಸ್ಕಾರ. ಮೂರು ವರ್ಷಗಳ ಸೊಂಟನೋವಿಗೆ ಸಣ್ಣ ಗಾಯದ ಸ್ಪೈನಲ್ ಫ್ಯೂಷನ್ (ಬೆನ್ನಿನ ಎರಡು ಮೂಳೆಗಳನ್ನು ಒಂದಾಗಿ ಬೆಸೆಯುವ ಶಸ್ತ್ರಚಿಕಿತ್ಸೆ) ಮಾಡಿಸಿಕೊಂಡರೆ ಎರಡು ತಿಂಗಳಲ್ಲಿ ಭತ್ತದ ನಾಟಿಗೆ ಇಳಿಯಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಆ ಲೆಕ್ಕ ಹಾಕಿಕೊಳ್ಳಬೇಡಿ. ಈ ವಿಧಾನದಲ್ಲಿ ಬೆನ್ನಿನ ಸ್ನಾಯುಗಳನ್ನು ಹೆಚ್ಚು ಕತ್ತರಿಸದೆ ಬದಿಗೆ ಸರಿಸಿ ಸ್ಕ್ರೂ, ಸರಳುಗಳನ್ನು ಕೂರಿಸುವುದರಿಂದ ರಕ್ತ ಕಡಿಮೆ ಹೋಗುತ್ತದೆ, ಮನೆಗೂ ಬೇಗ ಕಳುಹಿಸುತ್ತಾರೆ. ಆದರೆ ಹೊರಗಿನ ಗಾಯ ಚಿಕ್ಕದಾದ ಮಾತ್ರಕ್ಕೆ ಒಳಗೆ ಎರಡು ಮೂಳೆಗಳು ಒಂದಾಗಿ ಬೆಸೆದುಕೊಳ್ಳುವ ಕಾಲ ಕಡಿಮೆಯಾಗುವುದಿಲ್ಲ, ಅದಕ್ಕೆ ಸಾಮಾನ್ಯವಾಗಿ 6 ತಿಂಗಳಿಂದ 1 ವರ್ಷ ಬೇಕು. ಬೀಡಿ ಸೇದುವವರಲ್ಲಿ ಮೂಳೆ ಬೆಸೆಯದೇ ಉಳಿಯುವ ಸಂಭವ ಹೆಚ್ಚು. ಅಭ್ಯಾಸವಿದ್ದರೆ ಇಂದೇ ಬಿಡಿ.

ನನಗೆ ಹೆಚ್ಚು ಚಿಂತೆಯಾಗಿರುವುದು ಬೇರೆ ಸಂಗತಿ. ನಿಮ್ಮ ಎಂಆರ್‌ಐ ವರದಿಯಲ್ಲಿ ಡಿಸ್ಕ್ (ಬೆನ್ನಿನ ಮೂಳೆಗಳ ನಡುವಿನ ಮೆತ್ತೆ) ಸವೆದಿದೆ ಎಂದಷ್ಟೇ ಇದ್ದರೆ, ಅದು ನೋವೇ ಇಲ್ಲದ ಎಷ್ಟೋ ಜನರಲ್ಲಿಯೂ ಕಾಣುವ ಬದಲಾವಣೆ. ಬೆನ್ನುಮೂಳೆ ಮುಂದಕ್ಕೆ ಜಾರಿ, ನರ ಒತ್ತಿ, ಕಾಲಿಗೆ ನೋವು ಇಳಿಯುತ್ತಿದ್ದರೆ ಫ್ಯೂಷನ್‌ನಿಂದ ಪ್ರಯೋಜನವಾಗುವ ಸಾಧ್ಯತೆ ಹೆಚ್ಚು. ಬರಿಯ ಸೊಂಟನೋವಿಗೆ ಆ ಭರವಸೆ ದುರ್ಬಲ. ಆದ್ದರಿಂದ ಮುಂದೆ ಬಾಗಿ, ಹಿಂದೆ ವಾಲಿ ತೆಗೆಸುವ ಎಕ್ಸ್‌ರೇಯಲ್ಲಿ ಮೂಳೆ ಅಲುಗಾಡುತ್ತಿದೆಯೇ ಎಂದು ವೈದ್ಯರನ್ನು ಕೇಳಿ, ರಾಯಚೂರಿನ ರಿಮ್ಸ್ ಸರ್ಕಾರಿ ಆಸ್ಪತ್ರೆಯಲ್ಲೋ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲೋ ಇನ್ನೊಬ್ಬ ತಜ್ಞರ ಅಭಿಪ್ರಾಯವನ್ನೂ ಪಡೆಯಿರಿ. ಕಾಲಿನ ಬಲ ಕುಂದಿದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಮಾತ್ರ ಯಾವ ಅಭಿಪ್ರಾಯಕ್ಕೂ ಕಾಯದೆ ಅದೇ ಗಳಿಗೆ ಆಸ್ಪತ್ರೆಗೆ ಹೋಗಿ.