ಗರ್ಭಕೋಶ ಹಿಂದಕ್ಕೆ ಬಾಗಿದ್ದರೆ ಮಕ್ಕಳಾಗುವುದಿಲ್ವಾ?

ಪ್ರಶ್ನೆ: ಮೇಡಂ, ನನಗೆ 26 ವರ್ಷ. ಮಧುಗಿರಿ ಹತ್ತಿರದ ಹಳ್ಳಿ. ಮದುವೆಯಾಗಿ ಎರಡು ವರ್ಷವಾದರೂ ಗರ್ಭ ನಿಂತಿಲ್ಲ. ಮುಟ್ಟು 30 ದಿನಕ್ಕೊಮ್ಮೆ ಸರಿಯಾಗಿ ಆಗುತ್ತದೆ, ಹೊಟ್ಟೆನೋವು ಅಷ್ಟಾಗಿ ಇಲ್ಲ. ಸ್ಕ್ಯಾನಿಂಗ್ ರಿಪೋರ್ಟ್‌ನಲ್ಲಿ ‘ರಿಟ್ರೋವರ್ಟೆಡ್ ಯುಟೆರಸ್’ ಎಂದು ಬರೆದಿದ್ದಾರೆ, ಬೇರೆಲ್ಲ ನಾರ್ಮಲ್. ಗರ್ಭಕೋಶ ತಿರುಗಿದೆ, ಹೊಟ್ಟೆ ನೀವಿಸಿದರೆ ಸರಿ ಹೋಗುತ್ತದೆ ಎಂದು ಅತ್ತೆ ಹೇಳುತ್ತಿದ್ದಾರೆ. ಹೋಗಲಾ?

ಉತ್ತರ: ಬೇಡಮ್ಮ, ಹೋಗಬೇಡಿ. ನಿಮ್ಮ ಗರ್ಭಕೋಶಕ್ಕೆ ಏನೂ ಆಗಿಲ್ಲ.

ಗರ್ಭಕೋಶ ತಲೆಕೆಳಗಾಗಿ ಹಿಡಿದ ಸೀಬೆಕಾಯಿಯ ಹಾಗಿರುತ್ತದೆ. ಉದ್ದ ಸುಮಾರು ಏಳೂವರೆ ಸೆಂಟಿಮೀಟರ್, ಅಷ್ಟೇ. ಮುಂದೆ ಮೂತ್ರಕೋಶ, ಹಿಂದೆ ಮಲದ ನಾಳ, ನಡುವೆ ಇದು. ಕಿರಿದಾದ ಬಾಯಿ ಕೆಳಗೆ ಯೋನಿಯೊಳಗೆ ಚಾಚಿರುತ್ತದೆ. ಅಗಲವಾದ ಮೇಲ್ಭಾಗ ಹೆಚ್ಚಿನವರಲ್ಲಿ ಮುಂದಕ್ಕೆ, ಮೂತ್ರಕೋಶದ ಮೇಲೆ ಬಾಗಿರುತ್ತದೆ. ಸುಮಾರು ಐದರಲ್ಲಿ ಒಬ್ಬರಿಗೆ ಹಿಂದಕ್ಕೆ, ಬೆನ್ನಿನ ಕಡೆಗೆ ಬಾಗಿರುತ್ತದೆ. ರಿಪೋರ್ಟ್‌ನಲ್ಲಿ ‘ರಿಟ್ರೋವರ್ಟೆಡ್’ ಎಂದಿರುವುದು ಇದನ್ನೇ. ಹೆಚ್ಚಿನವರಿಗೆ ಅದು ಹುಟ್ಟಿನಿಂದಲೇ ಬಂದದ್ದು. ಮೂತ್ರ ತುಂಬಿದಾಗ, ಖಾಲಿಯಾದಾಗಲೂ ಗರ್ಭಕೋಶ ಸ್ವಲ್ಪ ಆಚೀಚೆ ವಾಲುತ್ತದೆ. ಅದೊಂದು ಅಲುಗಾಡುವ ಅಂಗ.

ಗರ್ಭ ಕಟ್ಟುವ ಕೆಲಸ ಶುರುವಾಗುವುದು ಗರ್ಭಕೋಶದಲ್ಲಲ್ಲ, ಟ್ಯೂಬ್‌ನಲ್ಲಿ. ಎರಡು ಪಕ್ಕದಲ್ಲೂ ಸುಮಾರು 10 ಸೆಂಟಿಮೀಟರ್ ಉದ್ದದ ಒಂದೊಂದು ಟ್ಯೂಬ್ ಇದೆ. ಅದರ ತುದಿಯಲ್ಲಿ ಬೆರಳಿನಂಥ ಎಳೆಗಳು. ಅಂಡಾಶಯದಿಂದ ಹೊರಬಿದ್ದ ಅಂಡವನ್ನು ಈ ಎಳೆಗಳೇ ಒಳಗೆ ಎಳೆದುಕೊಳ್ಳುತ್ತವೆ. ಗಂಡಿನ ವೀರ್ಯಾಣು ಈಜಿಕೊಂಡು ಅಲ್ಲಿಗೇ ಬಂದು ಅಂಡವನ್ನು ಸೇರಬೇಕು. ಗರ್ಭಕೋಶ ಹಿಂದೆ ಬಾಗಿದ್ದರೂ ಈ ದಾರಿ ಮುಚ್ಚುವುದಿಲ್ಲ. ಆಮೇಲೆ ಮಗು ಬೆಳೆದಂತೆ, ಸುಮಾರು ಮೂರು ತಿಂಗಳು ತುಂಬುವಾಗ, ಗರ್ಭಕೋಶ ತಾನಾಗಿಯೇ ಮೇಲಕ್ಕೇಳುತ್ತದೆ. ಅಪರೂಪಕ್ಕೆ ಏಳದೆ ಸಿಕ್ಕಿಕೊಂಡು ಮೂತ್ರ ಕಟ್ಟುವುದುಂಟು. ಹಾಗಾದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಹೊಟ್ಟೆ ನೀವಿಸುವುದರ ಬಗ್ಗೆ ನನಗೆ ನಿಜಕ್ಕೂ ಕಳವಳ ಇದೆ. ಬಸಿರಿಲ್ಲದಾಗ ಗರ್ಭಕೋಶ ಸೊಂಟದ ಮೂಳೆಗಳ ನಡುವೆ ಆಳದಲ್ಲಿರುತ್ತದೆ. ಮೇಲಿಂದ ಎಷ್ಟು ನೀವಿದರೂ ಅದರ ಬಾಗು ಬದಲಾಗುವುದಿಲ್ಲ. ಅಂಡಾಶಯದಲ್ಲಿ ನೀರುಗುಳ್ಳೆ ಇದ್ದರೆ ಜೋರಾಗಿ ಒತ್ತಿದಾಗ ಒಡೆಯಲೂಬಹುದು. ಅತ್ತೆಯವರು ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿರಬಹುದು. ಮುಂದಿನ ಸಲ ಡಾಕ್ಟರ್ ಹತ್ತಿರ ಅವರನ್ನೂ ಕರೆದುಕೊಂಡು ಹೋಗಿ.

ಒಂದು ಮಾತ್ರ ನೋಡಬೇಕು. ಕೆಲವರಲ್ಲಿ ಗರ್ಭಕೋಶ ಹಿಂದಿನ ಭಾಗಕ್ಕೆ ಅಂಟಿಕೊಂಡು ಬಾಗಿರುತ್ತದೆ. ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೂ ಬೆಳೆಯುವ ಕಾಯಿಲೆ), ಹಳೆಯ ಸೋಂಕು, ಗರ್ಭಕೋಶದ ಟಿಬಿ ಇದಕ್ಕೆ ಕಾರಣ. ಆಗ ತೊಂದರೆ ಕೊಡುವುದು ಬಾಗು ಅಲ್ಲ, ಆ ಕಾಯಿಲೆ. ಮುಟ್ಟಿನಲ್ಲಿ ತಡೆಯಲಾಗದ ನೋವು, ಗಂಡನ ಜೊತೆ ಸೇರಿದಾಗ ಒಳಗೆ ನೋವು ಇದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ಟಿಬಿ ಮಾತ್ರ ನೋವೇ ಇಲ್ಲದೆ ಟ್ಯೂಬ್ ಮುಚ್ಚಿಬಿಡಬಹುದು.

ಒಂದು ವರ್ಷ ಪ್ರಯತ್ನಿಸಿಯೂ ಆಗದಿದ್ದರೆ ಪರೀಕ್ಷೆ ಮಾಡಿಸಬೇಕು. ನಿಮಗೆ ಆ ಸಮಯ ಆಗಲೇ ಬಂದಿದೆ. ನಿಮ್ಮ ಲೆಕ್ಕದಲ್ಲಿ ಮುಟ್ಟು ಶುರುವಾದ ದಿನದಿಂದ ಸುಮಾರು 16ನೇ ದಿನಕ್ಕೆ ಅಂಡ ಬಿಡುಗಡೆ. ಅದು ಬದುಕುವುದು ಒಂದೇ ದಿನ, ವೀರ್ಯಾಣು ಐದು ದಿನದವರೆಗೂ ಇರಬಲ್ಲದು. ಹಾಗಾಗಿ 11ರಿಂದ 16ನೇ ದಿನದೊಳಗೆ ಸೇರುವುದು ಒಳ್ಳೆಯದು. ಟ್ಯೂಬ್ ತೆರೆದಿದೆಯಾ ಎಂದು ನೋಡುವ ಎಕ್ಸ್‌ರೇ ಆಮೇಲೆ. ಅದಕ್ಕೂ ಮೊದಲು ಗಂಡನ ವೀರ್ಯ ಪರೀಕ್ಷೆ ಆಗಲಿ. ಮಕ್ಕಳಾಗದ ಕಾರಣ ಗಂಡಸರಲ್ಲೂ ಇರುವುದು ತೀರಾ ಸಾಮಾನ್ಯ, ಆದರೂ ನಮ್ಮ ಕಡೆ ಸ್ಕ್ಯಾನಿಂಗ್‌ಗೆ ಮಲಗುವುದು ಮಾತ್ರ ಹೆಣ್ಣುಮಕ್ಕಳೇ. ವೀರ್ಯ ಪರೀಕ್ಷೆಯಲ್ಲಿ ಸೂಜಿ ಇಲ್ಲ, ನೋವಿಲ್ಲ. ಎರಡರಿಂದ ಏಳು ದಿನ ಸೇರದೆ ಇದ್ದು ಕೊಡಬೇಕು. ವೀರ್ಯ ಒಂದು ಗಂಟೆಯೊಳಗೆ ಲ್ಯಾಬ್ ತಲುಪಬೇಕು. ಮಧುಗಿರಿಯಿಂದ ತುಮಕೂರಿಗೆ ಬಸ್ಸಿನಲ್ಲಿ ತರುವಷ್ಟರಲ್ಲಿ ಹೊತ್ತು ಮೀರುತ್ತದೆ, ಅದಕ್ಕೆ ಲ್ಯಾಬ್‌ನಲ್ಲೇ ಕೊಡಲು ಹೇಳಿ.