ಕಿಟಕಿಯ ಚಾಕು, ಕಾಯ್ದೆಯ ಅಕ್ಷರ

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಬಂದ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಚಾಕು ಮೊಕದ್ದಮೆಯ ಲೇಖನವನ್ನು ಓದಿ ನೀವು ಬರೆದ ಪತ್ರ ತಲುಪಿತು. ಬೆಲೆಚೀಟಿ ಹಚ್ಚಿ ಮಾರಕ ಚಾಕುವನ್ನು ಕಿಟಕಿಯಲ್ಲಿಟ್ಟ ವ್ಯಾಪಾರಿಯನ್ನು ಬಿಟ್ಟು ಕಳಿಸಿದ ನ್ಯಾಯಾಧೀಶರು ಅಕ್ಷರಕ್ಕೆ ಜೋತುಬಿದ್ದು ನ್ಯಾಯವನ್ನೇ ಮರೆತರು ಎಂದು ನಿಮ್ಮ ಆಕ್ಷೇಪ. ಅನುಮಾನವಿದ್ದರೆ ಸಂಸತ್ತಿನ ಚರ್ಚೆಯ ಕಡತ ತೆಗೆದು ನೋಡಬಹುದಿತ್ತಲ್ಲ ಎಂದೂ ಕೇಳಿದ್ದೀರಿ. ನಾನು ಆ ತೀರ್ಪಿನ ಪರವಾಗಿರುವವನು. ಆದ್ದರಿಂದ ತುಸು ದೀರ್ಘವಾಗಿಯೇ ಉತ್ತರಿಸುತ್ತೇನೆ.

ಲೇಖನ ಓದದವರಿಗಾಗಿ ಸಂಗತಿ ಇಷ್ಟು: 1959ರ ಅಕ್ಟೋಬರ್‌ನಲ್ಲಿ ಬ್ರಿಸ್ಟಲ್‌ನ ಅಂಗಡಿಯೊಂದರ ಕಿಟಕಿಯಲ್ಲಿ, ಗುಂಡಿ ಒತ್ತಿದರೆ ಅಲಗು ಚಿಮ್ಮುವ ಚಾಕು ಇತ್ತು. ಅದರ ಹಿಂದೆ ನಾಲ್ಕು ಶಿಲಿಂಗ್ ಎಂಬ ಚೀಟಿ. ಅಂಥ ಚಾಕುವನ್ನು ತಯಾರಿಸುವುದು, ಮಾರುವುದು, ಬಾಡಿಗೆಗೆ ಕೊಡುವುದು, ಮಾರಾಟದ ಪ್ರಸ್ತಾಪ ಮಾಡುವುದು ಅಪರಾಧವೆಂದು ಅದೇ ವರ್ಷ ಕಾಯ್ದೆ ಬಂದಿತ್ತು. ಸ್ಥಳೀಯ ಮ್ಯಾಜಿಸ್ಟ್ರೇಟರು ದೂರನ್ನು ವಜಾ ಮಾಡಿದರು. ಪೊಲೀಸರು ಹೈಕೋರ್ಟಿಗೆ ಹೋದರು. 1960ರ ನವೆಂಬರ್‌ನಲ್ಲಿ ಮುಖ್ಯ ನ್ಯಾಯಾಧೀಶ ಲಾರ್ಡ್ ಪಾರ್ಕರ್ ಅವರ ಪೀಠವೂ ಅಂಗಡಿಯವನ ಪರವಾಗಿಯೇ ತೀರ್ಪು ನೀಡಿತು. ಕಿಟಕಿಯಲ್ಲಿ ಸರಕು ಇಡುವುದು ಕರಾರು ಕಾನೂನಿನ ಪ್ರಕಾರ ಪ್ರಸ್ತಾಪವಲ್ಲ. ಒಳಗೆ ಬಂದ ಗಿರಾಕಿ ಕೊಳ್ಳುತ್ತೇನೆ ಎಂದಾಗ ಅವನದು ಪ್ರಸ್ತಾಪ, ಒಪ್ಪುವುದೋ ಬಿಡುವುದೋ ಅಂಗಡಿಯವನಿಗೆ ಸೇರಿದ್ದು.

ನಿಮ್ಮ ಸಿಟ್ಟು ಲಾರ್ಡ್ ಪಾರ್ಕರ್ ಅವರಿಗೂ ಅಪರಿಚಿತವಾಗಿರಲಿಲ್ಲ. ಇದು ಪ್ರಸ್ತಾಪವಲ್ಲ ಎನ್ನುವುದು ಜನಸಾಮಾನ್ಯರಿಗೆ ಶುದ್ಧ ಅಸಂಬದ್ಧವಾಗಿ ಕಾಣುತ್ತದೆ, ಕಾಗದಪತ್ರಗಳನ್ನು ಮೊದಲು ಓದಿದಾಗ ತಮಗೂ ಹಾಗೆಯೇ ಅನ್ನಿಸಿತ್ತು ಎಂದು ಅವರು ತೀರ್ಪಿನಲ್ಲೇ ಹೇಳಿದ್ದಾರೆ. ಆದರೆ ಬೇರೆ ಕಾಯ್ದೆಗಳಲ್ಲಿ ಸಂಸತ್ತು ‘ಪ್ರಸ್ತಾಪ ಮಾಡುವುದು’ ಎಂಬುದರ ಪಕ್ಕದಲ್ಲಿ ‘ಮಾರಾಟಕ್ಕಾಗಿ ಪ್ರದರ್ಶಿಸುವುದು’ ಎಂದು ಪ್ರತ್ಯೇಕವಾಗಿ ಬರೆದಿತ್ತು. ಇಲ್ಲಿ ಬರೆದಿರಲಿಲ್ಲ. ಬಿಟ್ಟುಹೋದದ್ದನ್ನು ತುಂಬುವುದು ನ್ಯಾಯಾಲಯದ ಕೆಲಸವಲ್ಲ ಎಂದು ಅವರು ನಿಂತರು.

ಅಲ್ಲಿ ಕಾಯ್ದೆ ಹುಟ್ಟುವ ಬಗೆಯನ್ನು ನೋಡಿದರೆ ಈ ಹಟದ ಅರ್ಥ ತಿಳಿಯುತ್ತದೆ. ಸರ್ಕಾರಿ ಮಸೂದೆಗಳ ಕರಡು ಬರೆಯುವುದಕ್ಕೆಂದೇ 1869ರಿಂದ ಒಂದು ಕಚೇರಿ ಇದೆ. ಇಲಾಖೆ ತನಗೆ ಏನು ಬೇಕೆಂದು ತಿಳಿಸುತ್ತದೆ, ಅಲ್ಲಿನ ವಕೀಲರು ಅದನ್ನು ಕಾನೂನಿನ ಮಾತಿಗೆ ಇಳಿಸುತ್ತಾರೆ. ಎರಡನೇ ವಾಚನದಲ್ಲಿ ತತ್ತ್ವದ ಚರ್ಚೆ, ಸಮಿತಿಯಲ್ಲಿ ಕಲಂ ಕಲಂ ಆಗಿ ಪರಿಶೀಲನೆ, ಆಮೇಲೆ ವರದಿ, ಮೂರನೇ ವಾಚನ. ಇನ್ನೊಂದು ಸದನದಲ್ಲಿ ಮತ್ತೆ ಇಷ್ಟೂ. ಕೊನೆಗೆ ದೊರೆಯ ಅಂಕಿತ. ಅದನ್ನು ನಿರಾಕರಿಸಿದ್ದು 1708ರಲ್ಲಿ, ಅದೇ ಕೊನೆ. ಇಷ್ಟು ಕೈ ದಾಟಿ ಬಂದ ಪದಗಳಿಗೆ ಸದಸ್ಯರು ಮತ ಹಾಕಿರುತ್ತಾರೆ. ಮಂತ್ರಿಯ ಮನಸ್ಸಿನಲ್ಲಿದ್ದುದಕ್ಕೆ ಯಾರೂ ಮತ ಹಾಕಿರುವುದಿಲ್ಲ. ಅದರಲ್ಲೂ ಒಬ್ಬನನ್ನು ಜೈಲಿಗೆ ಕಳಿಸಬಲ್ಲ ಕಾಯ್ದೆಯಲ್ಲಿ ಇಲ್ಲದ ಪದವನ್ನು ನ್ಯಾಯಾಧೀಶರು ಸೇರಿಸಿದರೆ, ಅಪರಾಧವನ್ನು ಸೃಷ್ಟಿಸಿದವರೂ ಅವರೇ, ಶಿಕ್ಷಿಸಿದವರೂ ಅವರೇ ಆಗುತ್ತಾರೆ. ಇದನ್ನು ನಾನು ಒಪ್ಪಲಾರೆ. ಸಂಸತ್ತು ಸುಮ್ಮನೆ ಕೂರಲಿಲ್ಲ ಎಂಬುದನ್ನೂ ಗಮನಿಸಿ: 1961ರಲ್ಲೇ ತಿದ್ದುಪಡಿ ತಂದು, ಮಾರಾಟಕ್ಕಾಗಿ ಪ್ರದರ್ಶಿಸುವುದನ್ನೂ ಇಟ್ಟುಕೊಳ್ಳುವುದನ್ನೂ ಅಪರಾಧದ ಪಟ್ಟಿಗೆ ಸೇರಿಸಿತು.

ಹಾಗೆಂದು ಲಾರ್ಡ್ ಪಾರ್ಕರ್ ಅಕ್ಷರದ ದಾಸರಾಗಿರಲಿಲ್ಲ. ಅದೇ 1960ರಲ್ಲಿ, ಚಾಕುವಿನ ತೀರ್ಪಿಗೆ ಕೆಲವು ತಿಂಗಳ ಮೊದಲು, ಲಂಡನ್ನಿನ ಮನೆಯೊಂದರ ಬಾಲ್ಕನಿಯಿಂದ, ಕಿಟಕಿ ಬಡಿದು ದಾರಿಹೋಕರನ್ನು ಕರೆಯುತ್ತಿದ್ದ ವೇಶ್ಯೆಯರ ಪ್ರಕರಣ ಅವರ ಮುಂದಿತ್ತು. ಬೀದಿಯಲ್ಲಿ ಗಿರಾಕಿಗಳನ್ನು ಕರೆಯುವುದು ಅಪರಾಧ ಎಂದು ಕಾಯ್ದೆ ಹೇಳುತ್ತಿತ್ತು, ನಾವು ಬೀದಿಯಲ್ಲೇ ಇರಲಿಲ್ಲ ಎಂದು ಅವರ ವಾದ. ಜನ ಕಿರಿಕಿರಿಯಿಲ್ಲದೆ ಬೀದಿಯಲ್ಲಿ ನಡೆಯುವಂತಾಗಲಿ ಎಂದು ಬಂದ ಕಾಯ್ದೆ ಇದು, ಕರೆ ಬೀದಿಗೆ ತಲುಪಿದರೆ ಸಾಕು ಎಂದು ಲಾರ್ಡ್ ಪಾರ್ಕರ್ ಶಿಕ್ಷೆಯನ್ನು ಎತ್ತಿಹಿಡಿದರು. ಅಲ್ಲಿ ವಾಕ್ಯವೇ ಎರಡು ಅರ್ಥಕ್ಕೆ ಎಡೆ ಕೊಡುತ್ತಿತ್ತು, ಚಾಕುವಿನ ಕಾಯ್ದೆಯಲ್ಲಿ ಪದಕ್ಕೆ ನೆಲೆಗೊಂಡ ಒಂದೇ ಅರ್ಥವಿತ್ತು. ಆದರೂ ಈ ತೀರ್ಪು ನನಗೆ ಚಾಕುವಿನದರಷ್ಟು ಸಮಾಧಾನ ತರುವುದಿಲ್ಲ. ಎರಡರ್ಥವಿದ್ದಾಗ ಲಾಭ ಆರೋಪಿಗೆ ಸಿಗಬೇಕು ಎನ್ನುವವನು ನಾನು.

ಯಾವ ಕೆಡುಕನ್ನು ನೀಗಲು ಕಾಯ್ದೆ ಬಂತು ಎಂದು ಕೇಳುವ ಈ ಕ್ರಮ ಇಂಗ್ಲೆಂಡಿನ 1584ರ ಹೇಡನ್ ಪ್ರಕರಣದಷ್ಟು ಹಳೆಯದು. ನಮಗೂ ಅದು ದೂರದ್ದಲ್ಲ. 1955ರ ಬೆಂಗಾಲ್ ಇಮ್ಯುನಿಟಿ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅದನ್ನೇ ಆಧರಿಸಿತು.

ಇನ್ನು ಸಂಸತ್ತಿನ ಚರ್ಚೆ. 1960ರಲ್ಲಿ ಲಾರ್ಡ್ ಪಾರ್ಕರ್ ಅದನ್ನು ತೆರೆಯುವಂತಿರಲಿಲ್ಲ, ಆಗಿನ ನಿಯಮ ಹಾಗಿತ್ತು. ಬಾಗಿಲು ತೆರೆದದ್ದು 1992ರ ಪೆಪ್ಪರ್ ಮತ್ತು ಹಾರ್ಟ್ ಪ್ರಕರಣದಲ್ಲಿ. ಮಾಲ್ವರ್ನ್ ಕಾಲೇಜ್ ಎಂಬ ಶಾಲೆಯ ಶಿಕ್ಷಕರ ಮಕ್ಕಳು ಅಲ್ಲೇ ಐದನೇ ಒಂದು ಭಾಗದ ಶುಲ್ಕದಲ್ಲಿ ಓದುತ್ತಿದ್ದರು. ಆ ರಿಯಾಯಿತಿಗೆ ತೆರಿಗೆ ಲೆಕ್ಕ ಹಾಕುವುದು ಹೇಗೆ ಎಂಬ ಜಗಳ. 1976ರ ಮಸೂದೆಯ ಚರ್ಚೆಯಲ್ಲಿ ಮಂತ್ರಿಯೊಬ್ಬರು ಕೊಟ್ಟ ವಿವರಣೆ ಶಿಕ್ಷಕರ ಕೈಹಿಡಿಯಿತು. ಆದರೆ ಕಾಯ್ದೆಯ ಮಾತು ಅಸ್ಪಷ್ಟವಾಗಿದ್ದು, ಮಂತ್ರಿ ಅಥವಾ ಮಸೂದೆ ಮಂಡಿಸಿದವರ ಮಾತು ಸ್ಪಷ್ಟವಾಗಿದ್ದಾಗ ಮಾತ್ರ ಈ ದಾರಿ. ಚಾಕುವಿನ ಮೊಕದ್ದಮೆ ಇಂದು ನಡೆದರೂ ಈ ಬಾಗಿಲು ಅದಕ್ಕೆ ತೆರೆದೀತೆಂದು ನನಗೆ ಅನ್ನಿಸುವುದಿಲ್ಲ. ಅಲ್ಲಿ ಅಸ್ಪಷ್ಟವಾದದ್ದು ಏನೂ ಇರಲಿಲ್ಲ.

ಲಾರ್ಡ್ ಪಾರ್ಕರ್ ಅವರ ಎರಡೂ ತೀರ್ಪುಗಳು ಚಿಕ್ಕವು, ಒಂದು ಸಂಜೆಗೆ ಮುಗಿಯುತ್ತವೆ. ಎರಡನ್ನೂ ಜೊತೆಗಿಟ್ಟು ಓದಿ. ಆಮೇಲೂ ನಿಮ್ಮ ಆಕ್ಷೇಪ ಉಳಿದರೆ ಮತ್ತೆ ಬರೆಯಿರಿ, ಪ್ರಕಟಿಸುತ್ತೇವೆ.

– ಸಂಪಾದಕ